ಆಯ್ದ ವಾಹನಗಳ ಪಟ್ಟಿ

ನಮ್ಮ ಕೆಳಗಿನ ಮನೆಯವರಿಗೆ ಕೊಂಬಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವರಿಗೊಂದು ನಮಸ್ಕಾರ. ಕೊಂಬಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಇಪ್ಪತ್ತಾರು ವರ್ಷಗಳಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಂಪು ಪೆನ್ನು ಹಿಡಿದು, ಕೊಂಬಿಲ್ಲದ ಅಕ್ಷರಕ್ಕೆ ಕೊಂಬು, ದೀರ್ಘವಿಲ್ಲದ್ದಕ್ಕೆ ದೀರ್ಘ, ಒತ್ತು ಕಳೆದುಕೊಂಡದ್ದಕ್ಕೆ ಒತ್ತು ಕೊಡುತ್ತ ಬಂದ ಧರ್ಮಾತ್ಮರು. ಅವರ ಕಣ್ಣಿಗೆ ಬಿದ್ದ ತಪ್ಪು ಜೀವಂತ ಉಳಿದದ್ದಿಲ್ಲ.

ಆದರೆ ಅವರು ಅಕ್ಷರಗಳನ್ನು ಓದುತ್ತಿದ್ದರೇ ಹೊರತು, ಆ ಅಕ್ಷರಗಳೆಲ್ಲ ಸೇರಿ ಏನೋ ಹೇಳುತ್ತಿವೆ ಎಂಬ ಗೋಜಿಗೆ ಹೋದವರಲ್ಲ. ಒಮ್ಮೆ ತಮ್ಮದೇ ಮುದ್ರಣಾಲಯದ ರಜೆಯ ನೋಟಿಸನ್ನು ನಾಲ್ಕು ಕಡೆ ತಿದ್ದಿ ಕೊಟ್ಟು, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ಒಂದು ಗಂಟೆ ಕಾದು ಬಂದಿದ್ದರು. ಕೇಳಿದರೆ, "ಅರ್ಥ ನೋಡೋದು ಬರೆದವನ ಕರ್ಮ. ಕಾಗುಣಿತ ನೋಡೋದು ನನ್ನ ಧರ್ಮ" ಎಂದರು. ಇಂಥ ಮಾತಿಗೆ ಎದುರು ಹೇಳುವುದು ಕಷ್ಟ. ನಾನು ಲೆಕ್ಕದ ಮೇಷ್ಟ್ರು, ನನ್ನಿಂದಂತೂ ಆಗಲಿಲ್ಲ.

ಅವರ ಹತ್ತಿರ ಒಂದು ಮೋಟಾರ್ ಸೈಕಲ್ಲಿತ್ತು. ಎರಡು ವರ್ಷದ ಹಿಂದೆ ಕೊಂಡದ್ದು, ನೀಲಿ ಬಣ್ಣದ್ದು. ಕೊಂಡ ಮೊದಲ ತಿಂಗಳು ಅದರ ಗುಣಗಾನವನ್ನು ಎಷ್ಟು ಮಾಡಿದರೆಂದರೆ, ಅದನ್ನು ಕೇಳಿ ಕೇಳಿ ಸಾಕಾಗಿ ನಮ್ಮ ಬೀದಿಯಲ್ಲಿ ಇನ್ನೂ ಐದು ಜನ ಅದೇ ಗಾಡಿ, ಅದೇ ಬಣ್ಣದ್ದು, ಅದೇ ಅಂಗಡಿಯಿಂದ ತಂದೆವು. ಆ ಐವರಲ್ಲಿ ನಾನೂ ಒಬ್ಬ. ಏಳನೆಯದು ಬೀದಿಯ ಕೊನೆಯ ಮನೆಯ ನರ್ಸಮ್ಮನದು. ಅವರು ಅದನ್ನು ಬೇರೆ ಯಾರಿಂದಲೋ ಹಳೆಯದಾಗಿ ಕೊಂಡಿದ್ದರು. ಲಸಿಕೆಯ ಡಬ್ಬ ಹಿಂದೆ ಕಟ್ಟಿಕೊಂಡು ಗುಡ್ಡದ ಮೇಲಿನ ಮನೆಗಳಿಗೆಲ್ಲ ಹತ್ತಿ ಇಳಿಯುವವರು ಅವರು. ಉಳಿದ ಆರು ಗಾಡಿ ಓಡಿದ್ದನ್ನೆಲ್ಲ ಕೂಡಿಸಿದರೂ ಅವರ ಒಂದು ಗಾಡಿ ಓಡಿದಷ್ಟಾಗದು.

ಒಂದು ಗುರುವಾರ ಮಧ್ಯಾಹ್ನ ಕೊಂಬಣ್ಣನಿಗೆ ಗಾಡಿಯ ಕಂಪನಿಯಿಂದ ಕಾಗದ ಬಂತು. ಎರಡು ಹಾಳೆ. ಮೊದಲ ಹಾಳೆ ಹೀಗೆ ಶುರುವಾಗುತ್ತಿತ್ತು: "ಮಾನ್ಯರೇ, ನಮ್ಮ ಸಂಸ್ಥೆಯ ಗುಣಮಟ್ಟದ ಪರಂಪರೆಯಲ್ಲಿ ತಾವು ಇರಿಸಿರುವ ವಿಶ್ವಾಸಕ್ಕೆ ಕೃತಜ್ಞತೆಗಳು. ತಮ್ಮ ಮೋಟಾರ್ ಸೈಕಲ್ಲು ನಮ್ಮ ತಜ್ಞರ ಸಮಿತಿಯು ಗುರುತಿಸಿರುವ ಆಯ್ದ ವಾಹನಗಳ ಪಟ್ಟಿಯಲ್ಲಿ ಸೇರಿರುವುದಾಗಿ ತಿಳಿಯಪಡಿಸಲು ಬಯಸುತ್ತೇವೆ."

ಇಷ್ಟು ಓದುವಷ್ಟರಲ್ಲಿ ಕೊಂಬಣ್ಣನಿಗೇ ಎರಡು ಕೊಂಬು ಮೂಡಿದವು.

ಎರಡನೆಯ ಹಾಳೆಯನ್ನು ಅವರು ಓದಲಿಲ್ಲ ಎಂದು ನಾನು ಹೇಳಿದರೆ ನಾಲಿಗೆ ಬಿದ್ದುಹೋದೀತು. ಪೂರ್ತಿ ಓದಿದರು, ಕೆಂಪು ಪೆನ್ನು ಹಿಡಿದು ಓದಿದರು. ಮುಂದಿನ ಬ್ರೇಕಿನ ರಬ್ಬರ್ ಸೀಲಿನಲ್ಲಿ "ದೋಶ" ಕಂಡುಬಂದಿದೆ ಎಂದಿತ್ತು. ಅದನ್ನು "ದೋಷ" ಮಾಡಿದರು. ಬ್ರೇಕಿನ ಎಣ್ಣೆ ಸೋರಿ "ಅಪಗಾತ" ಸಂಭವಿಸಬಹುದು ಎಂದಿತ್ತು. ಅದಕ್ಕೆ ಮಹಾಪ್ರಾಣ ಕೊಟ್ಟು ಸರಿಯಾದ "ಅಪಘಾತ" ಮಾಡಿದರು. ಒಟ್ಟು ಹನ್ನೊಂದು ತಪ್ಪು ತಿದ್ದಿ, ಅಭ್ಯಾಸಬಲದಿಂದ ಕೆಳಗೆ ಸಹಿಯನ್ನೂ ಹಾಕಿ, ಮಡಿಸಿ ಜೇಬಿಗಿಟ್ಟುಕೊಂಡರು.

ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. "ಏನಂತೆ?" ಎಂದರು.

"ನಮ್ಮ ಗಾಡಿಯನ್ನ ಕಂಪನಿಯೋರು ಆರಿಸಿದಾರೆ. ತಜ್ಞರ ಸಮಿತಿ."

"ಯಾತಕ್ಕೆ?"

"ಯಾತಕ್ಕೆ ಅಂದ್ರೆ ಏನು ಹೇಳಲಿ? ಆಯ್ದ ವಾಹನಗಳು ಅಂದ್ರೆ ಆಯ್ದ ವಾಹನಗಳು."

"ಎರಡನೇ ಹಾಳೇಲಿ ಏನಿದೆ?"

"ಹನ್ನೊಂದು ತಪ್ಪು."

ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಹೇಳಿದರು, "ಆರಿಸಿದಾರೋ ಬಿಟ್ಟಿದಾರೋ. ನಿಮ್ಮ ಗಾಡಿ ನಿಲ್ಲಿಸೋ ಜಾಗದಲ್ಲಿ ಕಲ್ಲಿನ ಮೇಲೆ ಎಣ್ಣೆ ಹನಿ ಬೀಳ್ತಿದೆ. ಮುಂದಿನ ಚಕ್ರದ ಬಣ್ಣಾನೂ ಎದ್ದು ಬಂದಿದೆ."

"ಎರಡು ವರ್ಷ ದುಡಿದಿದೆ. ಬೆವರಬಾರದಾ?" ಎಂದರು ಕೊಂಬಣ್ಣ.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಮುಟ್ಟಿಸಿದವರು ಸ್ವತಃ ಕೊಂಬಣ್ಣ. ಹಾಲಿನವನಿಗೆ ಒಂದು ಸಲ, ಇಸ್ತ್ರಿಯವನಿಗೆ ಒಂದು ಸಲ, ನನಗೆ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ತಜ್ಞರ ಸಮಿತಿಯಲ್ಲಿ ಹೊರದೇಶದವರು ಇಬ್ಬರು ಸೇರಿಕೊಂಡಿದ್ದರು.

ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು. ಅದೇ ಗಾಡಿ, ಅದೇ ನೀಲಿ. ನಾನು ವಾರಕ್ಕೊಮ್ಮೆ ತೊಳೆಯುತ್ತೇನೆ, ಅವರು ತಿಂಗಳಿಗೊಮ್ಮೆ. "ಏನು ವಿಶೇಷ ಇದೆ ಸಾರ್ ನಿಮ್ಮದರಲ್ಲಿ?" ಎಂದು ಕೇಳಿಯೇ ಬಿಟ್ಟೆ.

ಅವರು ನನ್ನನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಬಲಗೈ ಹಿಡಿಯ ಮುಂದಿನ ಬ್ರೇಕಿನ ಹಿಡಿಕೆಯನ್ನು ಎರಡು ಬೆರಳಲ್ಲಿ ಒತ್ತಿ ತೋರಿಸಿದರು. ಅದು ಹೂವಿನ ಎಸಳಿನ ಹಾಗೆ ಒಳಗೆ ಹೋಯಿತು.

"ನೋಡಿ ಮೇಷ್ಟ್ರೇ. ಹೊಸದರಲ್ಲಿ ಎಷ್ಟು ಬಿರುಸಿತ್ತು. ಈಗ ಎಷ್ಟು ಮೆತ್ತಗಾಗಿದೆ. ಗಾಡಿ ಪಳಗಿದೆ. ಇಂಥದ್ದೆಲ್ಲ ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತೆ."

ನಾನು ಮನೆಗೆ ಬಂದು ನನ್ನ ಗಾಡಿಯ ಹಿಡಿಕೆ ಒತ್ತಿದೆ. ಅದೂ ಮೆತ್ತಗಿತ್ತು. ನನ್ನದೂ ಪಳಗಿದೆಯಲ್ಲ, ಆದರೂ ನನ್ನನ್ನು ಕೈಬಿಟ್ಟರಲ್ಲ ಎಂದು ಊಟ ರುಚಿಸಲಿಲ್ಲ. ಲೆಕ್ಕದ ಮೇಷ್ಟ್ರ ಬುದ್ಧಿ ಕೊಂಬಣ್ಣನ ಬುದ್ಧಿಗಿಂತ ಎಷ್ಟು ಅಂಗುಲ ಮೇಲೆಂದು ಯಾರಾದರೂ ಅಳೆಯುವುದಾದರೆ ಇಲ್ಲಿಂದ ಅಳೆಯಬಹುದು.

ಭಾನುವಾರ ಅತ್ತಿಗೆಯ ಅಣ್ಣ ಬಂದರು. ಭೂಮಿ ಅಳೆಯುವ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಮನೆಯ ಗೋಡೆಯ ಮೇಲೆ ಹದಿನಾಲ್ಕು ಪ್ರಶಸ್ತಿಪತ್ರಗಳಿವೆ, ಸುಣ್ಣ ಕಾಣುವುದಿಲ್ಲ. ಕೊಂಬಣ್ಣನ ಗೋಡೆಯ ಮೇಲೆ ಇರುವುದು ಒಂದು ಕ್ಯಾಲೆಂಡರು, ಅದರಲ್ಲೂ ತಿದ್ದುಪಡಿ. ಈ ವ್ಯತ್ಯಾಸವನ್ನು ಭಾವ ಬಂದಾಗಲೆಲ್ಲ ಒಂದು ಸಲ ನೆನಪಿಸಿ ಹೋಗುವ ವಾಡಿಕೆ.

ಈ ಸಲ ಮಾತೆತ್ತಿದವರು ಕೊಂಬಣ್ಣ. "ಭಾವ, ನಮ್ಮನ್ನ ಆರಿಸಿದಾರೆ."

ಭಾವ ಪೂರ್ತಿ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, "ಆರಿಸಿದ್ದು ನಿಮ್ಮನ್ನೋ, ಗಾಡೀನೋ?" ಎಂದರು.

"ಗಾಡಿ ತಾನಾಗಿ ಓಡುತ್ತಾ?"

"ಸರಿ. ಪದಕ ಕೊಡ್ತಾರೋ, ಬರೀ ಕಾಗದವೋ? ಬರೀ ಕಾಗದ ಆದ್ರೆ ಅದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ."

ಈ ಮಾತು ನಾಟಿತು. ಸೋಮವಾರ ಬೆಳಿಗ್ಗೆ ಕೊಂಬಣ್ಣ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ನಾನು ಸಾಕ್ಷಿಗೆಂದು ಪಕ್ಕದಲ್ಲೇ ಕೂತಿದ್ದೆ. ಸ್ಪೀಕರ್ ಹಾಕಿದ್ದರಿಂದ ಬೀದಿಗೂ ಕೇಳುತ್ತಿತ್ತು.

"ಹೇಳಿ ಸಾರ್, ನಿಮಗೆ ಕಾಗದ ಬಂದಿದ್ಯಾ?" ಒಂದು ಹೆಣ್ಣುಮಗಳ ದನಿ.

"ಬಂದಿದೆ. ನಾವು ಯಾವತ್ತು ಬರಬೇಕು?"

"ಆದಷ್ಟು ಬೇಗ ಬನ್ನಿ ಸಾರ್. ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಜಾಗ ಇದೆ."

"ಬಂದ್ರೆ ಅಲ್ಲಿ ಏನು ಮಾಡ್ತೀರಿ?"

"ಮುಂದೆ ಹೊಸದೊಂದು ಹಾಕ್ತೀವಿ ಸಾರ್. ಉಚಿತ."

ಕೊಂಬಣ್ಣ ನನ್ನ ಕಡೆ ನೋಡಿ ಎದೆ ಮುಟ್ಟಿಕೊಂಡು, ಪದಕ ಎಂದು ಸನ್ನೆ ಮಾಡಿದರು. "ಯಾರು ಹಾಕ್ತಾರೆ?"

"ನಮ್ಮ ಮೇಲ್ವಿಚಾರಕಿ ಮುಂದೆ ನಿಂತು ಹಾಕಿಸ್ತಾರೆ."

"ಎಷ್ಟು ಹೊತ್ತಿನ ಕಾರ್ಯಕ್ರಮ?"

"ಕಾರ್ಯಕ್ರಮ... ಒಂದೂವರೆ ಗಂಟೆ ಆಗಬಹುದು ಸಾರ್."

"ಮನೆಯವರನ್ನ, ಬಂಧುಗಳನ್ನ ಕರ್ಕೊಂಡು ಬರಬಹುದಾ?"

"ಬನ್ನಿ ಸಾರ್. ಕೂತ್ಕೊಳ್ಳೋಕೆ ಕುರ್ಚಿ ಇದೆ, ಕಾಫಿ ಇದೆ. ಒಂದು ಮುಖ್ಯವಾದ ಮಾತು. ಅಲ್ಲೀವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ. ಬೇಕಾದ್ರೆ ನಾವೇ ಲಾರಿ ಕಳಿಸಿ ತರಿಸ್ಕೋತೀವಿ."

"ಛೆ, ಅಷ್ಟೆಲ್ಲ ಯಾಕೆ. ನಾವೇ ಮರ್ಯಾದೆಯಿಂದ ತಳ್ಕೊಂಡು ಬರ್ತೀವಿ."

"ತಳ್ಕೊಂಡು ಬಂದ್ರೆ ಇನ್ನೂ ಒಳ್ಳೇದು ಸಾರ್," ಎಂದಳು ಆಕೆ. ಅವಳ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಆ ವಾರವೆಲ್ಲ ಕೊಂಬಣ್ಣ ಬಸ್ಸಿನಲ್ಲಿ ಓಡಾಡಿದರು. ಗಾಡಿಯ ಮೇಲೆ ಅತ್ತಿಗೆಯ ಹಳೆಯ ಪರದೆಯೊಂದನ್ನು ಹೊದಿಸಿ, ಯಾರೂ ಮುಟ್ಟಬಾರದೆಂದು ಚೀಟಿ ಅಂಟಿಸಿದರು. ಮುದ್ರಣಾಲಯದ ಯಜಮಾನರು ತಮ್ಮ ನೌಕರನಿಗೆ ಸಿಕ್ಕ ಗೌರವ ತಮಗೇ ಸಿಕ್ಕಂತೆ ಎಂದು ಭಾವಿಸಿ, "ಹೆಮ್ಮೆಯ ಆಯ್ಕೆ" ಎಂಬ ದೊಡ್ಡ ಭಿತ್ತಿಪತ್ರ ಅಚ್ಚು ಹಾಕಿಸಿದರು. ಅದರಲ್ಲಿ ಕೊಂಬಣ್ಣನ ಚಿತ್ರ ಚಿಕ್ಕದು, ಯಜಮಾನರ ಚಿತ್ರ ದೊಡ್ಡದು. ಗಾಡಿಯ ಚಿತ್ರಕ್ಕೆ ಜಾಗ ಸಾಲಲಿಲ್ಲ.

ಇತ್ತ ಬೀದಿಯಲ್ಲಿ ನಮ್ಮ ಕಿಚ್ಚು ಹೊಗೆಯಾಡಿ ಹೊಗೆಯಾಡಿ ಶುಕ್ರವಾರ ಹೊತ್ತಿಕೊಂಡಿತು. ಅದೇ ಗಾಡಿಯ ಮಾಲೀಕರು ನಾವು ಆರು ಜನ ನಮ್ಮ ಮನೆಯ ಮಹಡಿಯಲ್ಲಿ ಸಭೆ ಸೇರಿದೆವು. ಇದು ತಾರತಮ್ಯ, ನಾವೂ ಹೋಗಿ ಕೇಳಬೇಕು ಎಂದು ಒಮ್ಮತದ ನಿರ್ಣಯವಾಯಿತು. ಎಂದೂ ದನಿ ಎತ್ತದ ನರ್ಸಮ್ಮನೂ ಹೇಳಿದರು:

"ನನಗೆ ಪದಕದ ಆಸೆ ಇಲ್ಲ ಮೇಷ್ಟ್ರೇ. ಆದ್ರೆ ಗುಡ್ಡ ಹತ್ತಿ ಇಳಿದಿರೋದು ನನ್ನ ಗಾಡಿ. ಅದನ್ನ ಬಿಟ್ಟು, ಮನೆಯಿಂದ ಅಚ್ಚುಕೂಟಕ್ಕೆ ಹೋಗಿಬರೋ ಗಾಡೀನ ಆರಿಸಿದಾರೆ ಅಂದ್ರೆ ಆ ಸಮಿತಿಯೋರಿಗೆ ಕಣ್ಣಿಲ್ಲ ಅಂತ ಅರ್ಥ. ಅಷ್ಟು ಹೇಳಿ ಬರ್ತೀನಿ. ಮಧ್ಯಾಹ್ನ ನನಗೆ ಗುಡ್ಡದ ಮೇಲೆ ಲಸಿಕೆ ಕೆಲಸ ಇದೆ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಎಲ್ಲರಿಗಿಂತ ಮುಂದೆ ಭಿತ್ತಿಪತ್ರ ಹಿಡಿದ ಯಜಮಾನರು. ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಕೊಂಬಣ್ಣ, ಪಕ್ಕದಲ್ಲಿ ಅತ್ತಿಗೆ. ಅವರ ಹಿಂದೆ ಆಯ್ದ ವಾಹನ. ಅದನ್ನು ತಳ್ಳುತ್ತಿದ್ದವರು ಭಾವ. ಪದಕ ನಿಜ ಎಂದು ಗೊತ್ತಾದ ಮೇಲೆ ಅವರು ತಾವಾಗಿಯೇ ಬಂದು ಹ್ಯಾಂಡಲ್ ಹಿಡಿದಿದ್ದರು. ಚಿತ್ರ ತೆಗೆಯುವಾಗ ಹ್ಯಾಂಡಲ್ ಹಿಡಿದವನನ್ನು ಯಾರೂ ಕತ್ತರಿಸಲಾರರು ಎಂಬುದು ಅವರ ಅನುಭವ. ಕೊನೆಯಲ್ಲಿ ನಾವು ಆರು ಗಾಡಿಗಳು, ಪ್ರತಿಭಟನೆಯ ಮುಖ ಹೊತ್ತು, ನಡೆಯುವವರ ವೇಗದಲ್ಲಿ.

ಅಂಗಡಿಗಳವರು ಹೊರಗೆ ಬಂದು ನೋಡಿದರು. ಒಬ್ಬರು, "ಗಾಡಿ ಕೆಟ್ಟಿದ್ಯಾ?" ಎಂದು ಕೇಳಿದ್ದಕ್ಕೆ ಯಜಮಾನರು ಭಿತ್ತಿಪತ್ರವನ್ನು ಅವರ ಮೂಗಿಗೆ ಹಿಡಿದರು.

ಸರ್ವಿಸ್ ಸೆಂಟರ್ ಇರುವುದು ಇಳಿಜಾರಿನ ಬುಡದಲ್ಲಿ. ಇಳಿಜಾರು ಉದ್ದವಿಲ್ಲ, ಆದರೆ ಕಡಿದು. ಗಾಡಿಯ ಪಕ್ಕದಲ್ಲಿ ನಡೆಯುವವನ ಕೈಗೆ ಸಿಗುವುದು ಮುಂದಿನ ಬ್ರೇಕ್ ಒಂದೇ. ಹಿಂದಿನದು ಕಾಲಿನಲ್ಲಿ ತುಳಿಯುವಂಥದ್ದು, ಅದಕ್ಕೆ ಮೇಲೆ ಕೂತಿರಬೇಕು. ಇಳಿಜಾರಿನ ತಲೆಯಲ್ಲಿ ಗಾಡಿ ಮುಂದಕ್ಕೆ ಎಳೆಯಿತು. ಭಾವ ಬ್ರೇಕ್ ಹಿಡಿದರು. ಹಿಡಿಕೆ ಹಿಡಿಯವರೆಗೂ ಹೋಗಿ ಅಂಟಿಕೊಂಡಿತು. ಗಾಡಿ ನಿಲ್ಲಲಿಲ್ಲ.

"ಇದು ನಿಲ್ತಾ ಇಲ್ಲ," ಎಂದರು ಭಾವ, ಕಚೇರಿಯಲ್ಲಿ ಟಿಪ್ಪಣಿ ಬರೆಸುವ ದನಿಯಲ್ಲಿ.

"ಬಿಟ್ಟುಬಿಡಿ ಅಣ್ಣಾ," ಎಂದರು ಅತ್ತಿಗೆ.

ಭಾವ ಬಿಡಲಿಲ್ಲ. ಹದಿನಾಲ್ಕು ಪ್ರಶಸ್ತಿ ಪಡೆದವರಿಗೆ ಕೈಗೆ ಬಂದದ್ದನ್ನು ಬಿಟ್ಟು ಅಭ್ಯಾಸವಿರುವುದಿಲ್ಲ. ಮೊದಲು ನಡೆದರು, ಆಮೇಲೆ ಓಡಿದರು, ಆಮೇಲೆ ಗಾಡಿಯೇ ಅವರನ್ನು ಓಡಿಸಿತು. ಕೊಂಬಣ್ಣ, ಅತ್ತಿಗೆ ಪಕ್ಕಕ್ಕೆ ಹಾರಿದರು, ಯಜಮಾನರು ಭಿತ್ತಿಪತ್ರವನ್ನು ಬಿಸುಟು ಚರಂಡಿ ದಾಟಿದರು. ಇಳಿಜಾರಿನ ಅರ್ಧದಲ್ಲಿ ಹಾಸಿಗೆ ಅಂಗಡಿಯವನು ಬಿಸಿಲಿಗೆಂದು ಹತ್ತಿಯ ಗುಡ್ಡೆ ಹಾಕಿದ್ದ. ಗಾಡಿಯೂ ಭಾವನೂ ಒಟ್ಟಿಗೆ ಅದರೊಳಗೆ ಪ್ರವೇಶ ಮಾಡಿದರು. ಒಂದು ಕ್ಷಣ ಬೀದಿಯಲ್ಲಿ ಬರೀ ಹತ್ತಿ ಹಾರಾಡಿತು.

ನಗಬೇಕೋ ಓಡಬೇಕೋ ತಿಳಿಯದೆ ನಾವೆಲ್ಲ ನಮ್ಮ ನಮ್ಮ ಗಾಡಿ ನಿಲ್ಲಿಸಿದೆವು. ನರ್ಸಮ್ಮನದು ನಿಲ್ಲಲಿಲ್ಲ.

ಅವರು ಮುಂದಿನ ಬ್ರೇಕ್ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಹಿಡಿಕೆ ಸತ್ತ ಹಾಗೆ ಒಳಗೆ ಹೋಯಿತು. ಗಾಡಿ ನನ್ನನ್ನು ದಾಟಿ ಹೋಯಿತು. ಅವರು ಹಿಂದಿನ ಬ್ರೇಕನ್ನು ತುಳಿದು, ಇನ್ನೊಂದು ಕಾಲನ್ನು ನೆಲಕ್ಕೆ ಊರಿ, ಚಪ್ಪಲಿ ಸವೆಸುತ್ತ ಸವೆಸುತ್ತ ಹೋಗಿ ಹತ್ತಿಯ ಗುಡ್ಡೆಯ ಮುಂದೆ ನಿಂತರು. ಆಗ ತಾನೇ ಹತ್ತಿಯೊಳಗಿಂದ ತಲೆ ಹೊರಗೆ ಹಾಕಿದ್ದ ಭಾವನ ಮೂಗಿಗೂ ಗಾಡಿಯ ಚಕ್ರಕ್ಕೂ ಒಂದು ಗೇಣು ಅಂತರವಿತ್ತು.

ಭಾವನ ಮೊಣಕೈ ತರಚಿತ್ತು, ಇನ್ನೇನೂ ಆಗಿರಲಿಲ್ಲ. ನರ್ಸಮ್ಮ ಗಾಡಿಗೆ ಸ್ಟ್ಯಾಂಡ್ ಹಾಕಿ, ಚೀಲದಿಂದ ಔಷಧಿ ತೆಗೆದು ಅವರ ಮೊಣಕೈಗೆ ಹಚ್ಚಿದರು. ಆಮೇಲೆ ಕೊಂಬಣ್ಣನ ಕಡೆ ತಿರುಗಿ, "ಆ ಕಾಗದ ಕೊಡಿ ಇಲ್ಲಿ" ಎಂದರು.

ಎರಡನೆಯ ಹಾಳೆಯನ್ನು ಅವರು ಗಟ್ಟಿಯಾಗಿ ಓದಿದರು. ದೋಷ ಎಂದರು, ಸೋರಿಕೆ ಎಂದರು, ಅಪಘಾತ ಎಂದರು. ಗಾಡಿಯನ್ನು ಓಡಿಸದೆ ಹತ್ತಿರದ ಸರ್ವಿಸ್ ಸೆಂಟರಿಗೆ ತಲುಪಿಸಿ ಹೊಸ ಭಾಗವನ್ನು ಉಚಿತವಾಗಿ ಹಾಕಿಸಿಕೊಳ್ಳಬೇಕು ಎಂದು ಮುಗಿಸಿದರು. ಕೊಂಬಣ್ಣ ಕೇಳುತ್ತ ನಿಂತಿದ್ದರು. ಕಣ್ಣಿಗೆ ಕಾಗುಣಿತ ಬೀಳದೆ, ಕಿವಿಗೆ ಬರೀ ಮಾತು ಬಿದ್ದದ್ದು ಬಹುಶಃ ಇಪ್ಪತ್ತಾರು ವರ್ಷಗಳಲ್ಲಿ ಅದೇ ಮೊದಲು.

"ಇದನ್ನ ನಾನು ಹತ್ತು ದಿನದಿಂದ ಜೇಬಲ್ಲಿ ಇಟ್ಕೊಂಡಿದೀನಿ," ಎಂದರು ಮೆಲ್ಲಗೆ.

ಅತ್ತಿಗೆ ಅವರ ಅಂಗಿಯ ಮೇಲಿನ ಹತ್ತಿಯನ್ನು ಒಂದೊಂದಾಗಿ ತೆಗೆದರು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಸರ್ವಿಸ್ ಸೆಂಟರಿನ ಮೇಲ್ವಿಚಾರಕಿ ನಡುವಯಸ್ಸಿನ ಗಟ್ಟಿ ಹೆಂಗಸು, ಕೈಯಲ್ಲಿ ಗ್ರೀಸ್, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಒಂದು ಗಾಡಿಗೆ ಕಾಯುತ್ತಿದ್ದವರ ಮುಂದೆ ಏಳು ಗಾಡಿ, ಹತ್ತಿ ಮೆತ್ತಿಕೊಂಡ ಒಬ್ಬ ಹಿರಿಯರು ಮತ್ತು ಅರ್ಧ ಹರಿದ ಭಿತ್ತಿಪತ್ರ ಬಂದು ನಿಂತವು.

"ಇವರೆಲ್ಲ ಯಾರು?"

"ನಾವು ಪಟ್ಟಿಯಲ್ಲಿ ಯಾಕಿಲ್ಲ ಅಂತ ಕೇಳೋಕೆ ಬಂದೋರು," ಎಂದೆ ನಾನು. ಅಷ್ಟು ಹೊತ್ತಿಗೆ ನನ್ನ ದನಿಯಲ್ಲಿ ಪ್ರತಿಭಟನೆ ಉಳಿದಿರಲಿಲ್ಲ.

ಅವರು ಒಂದೊಂದೇ ಗಾಡಿಯ ಹ್ಯಾಂಡಲಿನ ಕೆಳಗೆ ಬಗ್ಗಿ, ಕುತ್ತಿಗೆಯ ಹತ್ತಿರ ಕೆತ್ತಿದ್ದ ಷಾಸಿ ನಂಬರನ್ನು ಓದಿ ಕಂಪ್ಯೂಟರಿಗೆ ಹಾಕಿದರು. "ಇದೀರಲ್ಲ. ಏಳಕ್ಕೆ ಏಳೂ ಪಟ್ಟಿಯಲ್ಲಿವೆ. ಸಾರ್, ನಿಮ್ಮ ಮೊಬೈಲಿಗೆ ಮೂರು ಸಲ ಸಂದೇಶ ಹೋಗಿದೆ."

ಹೋಗಿತ್ತು. ಯಾವುದೋ ಜಾಹೀರಾತು ಎಂದು ಮೂರು ಸಲವೂ ನಾನೇ ಅಳಿಸಿದ್ದೆ. ಇನ್ನಿಬ್ಬರು ನಂಬರ್ ಬದಲಿಸಿದ್ದರು. ಇನ್ನೊಬ್ಬರ ಕಾಗದ ಅವರ ಮನೆಯ ಸಕ್ಕರೆ ಡಬ್ಬದ ಕೆಳಗೆ ಹಾಸಿಕೊಂಡಿತ್ತು. ಮತ್ತೊಬ್ಬರು, ಇದು ಕಂಪನಿಯವರು ಹೊಸ ಗಾಡಿ ಮಾರಲು ಹೂಡಿದ ಹೂಟ ಎಂದು ಕಾಗದವನ್ನು ಒಡೆಯದೆಯೇ ಎಸೆದಿದ್ದರು.

"ನನಗೆ ಏನೂ ಬಂದಿಲ್ಲ," ಎಂದರು ನರ್ಸಮ್ಮ.

"ನೀವು ಬೇರೆಯವರಿಂದ ಕೊಂಡಿದ್ದು ಅಲ್ವಾ? ಕಾಗದ ಹಳೇ ಯಜಮಾನನ ಮನೆಗೆ ಹೋಗ್ತಾ ಇದೆ. ಮೊದಲು ಇಲ್ಲಿ ನಿಮ್ಮ ವಿಳಾಸ ಬರೆಸಿ." ಹೇಳುತ್ತಲೇ ಅವರು ನರ್ಸಮ್ಮನ ಗಾಡಿಯ ಮುಂದಿನ ಚಕ್ರದ ಹತ್ತಿರ ಕೂತು ಬ್ರೇಕನ್ನು ಬಿಚ್ಚಿಸಿದರು. ಒಳಗಿಂದ ಉಂಗುರದಂಥ ರಬ್ಬರನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದರು. ಅದು ಎರಡು ಕಡೆ ಸೀಳಿತ್ತು. "ಎಣ್ಣೆ ಪೂರ್ತಿ ಹೋಗಿದೆ. ಇವತ್ತು ಮಧ್ಯಾಹ್ನ ಎಲ್ಲಿಗಾದ್ರೂ ಹೋಗಬೇಕು ಅಂತಿದ್ರಾ?"

"ಗುಡ್ಡಕ್ಕೆ," ಎಂದರು ನರ್ಸಮ್ಮ.

ಏಳೂ ಗಾಡಿಯ ಕೆಲಸ ಸಾಗಿತು. ನಾವು ಸಾಲಾಗಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿದೆವು. ಭಾವ ಮೂರು ಲೋಟ ಕುಡಿದರು. ಕೊಂಬಣ್ಣ ಮಾತ್ರ ಮೂಲೆಯಲ್ಲಿ ನಿಂತಿದ್ದರು. ನಾಚಿಕೆಯಿಂದ ನೆಲ ನೋಡುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ಮೇಲ್ವಿಚಾರಕಿಯ ಮೇಜಿನ ಮೇಲಿದ್ದ ಒಂದು ಕಟ್ಟು ಕಾಗದಗಳನ್ನು ನೋಡುತ್ತಿದ್ದಾರೆ.

"ಇವೆಲ್ಲ ಏನು?"

"ವಿಳಾಸ ಸಿಗದೆ ವಾಪಸ್ ಬಂದವು. ಈ ಊರಲ್ಲಿ ಇಂಥ ಗಾಡಿ ಇನ್ನೂರ ಹದಿನಾಲ್ಕಿವೆ ಸಾರ್. ನಾಲ್ಕು ತಿಂಗಳಲ್ಲಿ ಬಂದಿರೋದು ಮೂವತ್ತೊಂದು. ನಿಮ್ಮ ಏಳು ಸೇರಿ ಮೂವತ್ತೆಂಟು. ಕಾಗದ ಮುಟ್ಟಿದೋರೂ ಬರಲ್ಲ. ಯಾಕೆ ಅಂತ ನನಗೆ ತಿಳಿಯಲ್ಲ."

"ಯಾಕೆ ಅಂತ ನನಗೆ ಗೊತ್ತು," ಎಂದರು ಕೊಂಬಣ್ಣ. "ನಾನೇ ಹತ್ತು ದಿನ ಇಟ್ಕೊಂಡು ಪದಕ ಅಂದ್ಕೊಂಡಿದ್ದೆ. 'ಗುಣಮಟ್ಟದ ಪರಂಪರೆ' ಅಂತ ಶುರು ಮಾಡಿದ್ರೆ ಯಾರಿಗೆ ತಾನೆ ಭಯ ಆಗುತ್ತೆ? ಈಗ ನೀವು ನಿಮ್ಮ ತಮ್ಮನಿಗೆ ಹೇಳೋ ಹಾಗೆ ನನಗೆ ಹೇಳಿ. ಈ ಕಾಗದದ ಅರ್ಥ ಏನು? ನಿಧಾನವಾಗಿ ಹೇಳಿ, ಬರ್ಕೋತೀನಿ."

ಮೇಲ್ವಿಚಾರಕಿ ಕಿವಿಯಿಂದ ಪೆನ್ಸಿಲ್ ತೆಗೆದು ಅವರ ಕೈಗೆ ಕೊಟ್ಟರು. ಆಕೆ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಬರೆದದ್ದನ್ನು ಹಾಸಿಗೆ ಅಂಗಡಿಯವನಿಗೆ ಓದಿ ಹೇಳಿದರು. ಅವನು ಹಾಳಾದ ಹತ್ತಿಯ ಲೆಕ್ಕ ಕೇಳಲು ಬಂದಿದ್ದ. ಅವನು ಅರ್ಥವಾಯಿತು ಎಂದ ಮೇಲೇ ಅವರು ಪೆನ್ಸಿಲ್ ಕೆಳಗಿಟ್ಟದ್ದು. ಸೋಮವಾರ ಯಜಮಾನರು, ಈ ಸಲ ತಮ್ಮ ಚಿತ್ರವಿಲ್ಲದೆ, ಅದನ್ನು ಅಚ್ಚು ಹಾಕಿಸಿದರು. ಭಿತ್ತಿಪತ್ರದ ಉಳಿದ ಕಾಗದ ಅದಕ್ಕೇ ಸರಿಹೋಯಿತು. ಅದರಲ್ಲಿ ಇದ್ದದ್ದು ಇಷ್ಟು:

"ನಿಮ್ಮ ನೀಲಿ ಗಾಡಿ ನಿಲ್ಲದೆ ಹೋಗಬಹುದು. ಮುಂದಿನ ಬ್ರೇಕ್ ಮೆತ್ತಗಾಗಿದೆಯಾ? ಚಕ್ರದ ಹತ್ತಿರ ಎಣ್ಣೆ ಕಾಣುತ್ತಿದೆಯಾ? ಎರಡೂ ಇಲ್ಲದಿದ್ದರೂ ಬನ್ನಿ. ಓಡಿಸಿಕೊಂಡು ಬರಬೇಡಿ. ಫೋನ್ ಮಾಡಿದರೆ ಲಾರಿ ಬರುತ್ತದೆ. ಹೊಸ ಭಾಗ ಹಾಕಿ ಕೊಡುತ್ತೇವೆ, ದುಡ್ಡಿಲ್ಲ. ಹಳೆಯ ಗಾಡಿ ಕೊಂಡವರೂ ಬನ್ನಿ."

ಪೆಟ್ರೋಲ್ ಬಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ನಮ್ಮ ಶಾಲೆಯ ಗೇಟಿನಲ್ಲಿ ಅಂಟಿಸಿದರು. ಮೊದಲ ವಾರ ನಲವತ್ತು ಗಾಡಿ ಬಂದವು. ಎರಡನೆಯ ವಾರ ಸರ್ವಿಸ್ ಸೆಂಟರಿನ ಮುಂದೆ ಸಾಲು. ಭಾವ ತಮ್ಮ ಅಳತೆಯ ವಿದ್ಯೆಯನ್ನೆಲ್ಲ ಹೊರತೆಗೆದು ಊರಿನ ನಕ್ಷೆ ಬಿಡಿಸಿ, ಗಾಡಿ ಸಿಕ್ಕ ಮನೆಗೆ ಹಸಿರು ಚುಕ್ಕೆ, ಸಿಗದ ಮನೆಗೆ ಕೆಂಪು ಚುಕ್ಕೆ ಇಟ್ಟರು. ನರ್ಸಮ್ಮ ಲಸಿಕೆಗೆ ಹೋದ ಮನೆಯಲ್ಲೆಲ್ಲ ಮಗುವಿನ ತೋಳು ನೋಡಿ, ಆಮೇಲೆ ಅಂಗಳದ ಗಾಡಿ ನೋಡಿ ಬಂದರು. ನಾನು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವಾಗ, ಇನ್ನೂರ ಹದಿನಾಲ್ಕರಲ್ಲಿ ಇಷ್ಟು ಗಾಡಿ ಆದರೆ ಉಳಿದದ್ದೆಷ್ಟು ಎಂದು ಲೆಕ್ಕ ಕೊಟ್ಟೆ. ಮರುದಿನ ಇಬ್ಬರು ಅಪ್ಪಂದಿರು ಫೋನ್ ಮಾಡಿ ಲಾರಿ ತರಿಸಿಕೊಂಡರು.

ಎರಡು ತಿಂಗಳಾಗುವಷ್ಟರಲ್ಲಿ ಇನ್ನೂರ ಹನ್ನೊಂದು ಗಾಡಿ ಮುಗಿದವು. ಎರಡು ಬೇರೆ ಊರಿಗೆ ಮಾರಾಟವಾಗಿದ್ದವು. ಅಲ್ಲಿಗೆ ಫೋನ್ ಮಾಡಿ ಹೇಳಿದ್ದಾಯಿತು. ಒಂದು ಮಾತ್ರ ಉಳಿಯಿತು. ಷಾಸಿ ನಂಬರ್ ಇತ್ತು, ವಿಳಾಸದಲ್ಲಿದ್ದ ಮನೆ ಕೆಡವಿ ವರ್ಷವಾಗಿತ್ತು. ಈ ನಡುವೆ ಗಾಡಿಗೆ ಕಪ್ಪು ಬಣ್ಣ ಹೊಡೆಸಿದ್ದಾರೆ ಎಂದು ಯಾರೋ ಹೇಳಿದರು.

ಕೊಂಬಣ್ಣನಿಗೆ ಆ ಒಂದು ನಿದ್ದೆಗೆಡಿಸಿತು. ನಂಬರನ್ನು ಬಾಯಿಪಾಠ ಮಾಡಿಕೊಂಡು, ಬಸ್ ನಿಲ್ದಾಣ, ಬ್ಯಾಂಕು, ಮಾರುಕಟ್ಟೆ, ಎಲ್ಲಿ ಅಂಥ ಕಪ್ಪು ಗಾಡಿ ನಿಂತಿದ್ದರೂ ಅದರ ಹ್ಯಾಂಡಲಿನ ಕೆಳಗೆ ತಲೆ ತೂರಿಸಿ ನೋಡತೊಡಗಿದರು. ಇಂಥ ಕೆಲಸವನ್ನು ಕಂಡವರು ಏನು ತಿಳಿದುಕೊಳ್ಳುತ್ತಾರೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅವರು ಕೊಂಬಣ್ಣ ಹೇಗಾದಾರು?

ಒಂದು ಬುಧವಾರ ಬೆಳಿಗ್ಗೆ ಮಾರುಕಟ್ಟೆಯ ಮೂಲೆಯಲ್ಲಿ, ಒಂದು ಗಾಡಿಯ ಕುತ್ತಿಗೆಯ ಹತ್ತಿರದ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದಾಗ ಹಿಂದಿನಿಂದ ಒಂದು ಕೈ ಅವರ ಕತ್ತುಪಟ್ಟಿ ಹಿಡಿಯಿತು. ನಾನು ಎರಡು ಮಾರು ದೂರದಲ್ಲಿ ಈರುಳ್ಳಿ ಆರಿಸುತ್ತಿದ್ದೆ. ತಿರುಗಿ ನೋಡಿದರೆ ಸಂಚಾರಿ ಪೊಲೀಸಿನವರು, ಆರಡಿ ಎತ್ತರ, ಕೊರಳಲ್ಲಿ ಪೀಪಿ.

"ನಾಲ್ಕು ದಿನದಿಂದ ದೂರು ಬರ್ತಾ ಇದೆ," ಎಂದರು ಪೊಲೀಸಿನವರು. "ಯಾರೋ ಒಬ್ಬ ಗಾಡಿಗಳ ನಂಬರ್ ನೋಡ್ಕೊಂಡು ಓಡಾಡ್ತಿದಾನೆ, ಕಳ್ಳರ ಗುಂಪಿನೋನು ಅಂತ. ನಡೀರಿ ಠಾಣೆಗೆ."

"ಒಂದೇ ನಿಮಿಷ ಸಾರ್. ಕೊನೆಯ ಎರಡು ಅಂಕಿ ಬಾಕಿ ಇದೆ."

"ಏನು ಧೈರ್ಯ ರೀ ನಿಮಗೆ."

"ಏಳು... ನಾಲ್ಕು." ಕೊಂಬಣ್ಣ ತಲೆ ಹೊರಗೆ ತೆಗೆದರು. ಮುಖದ ತುಂಬ ಧೂಳು, ಧೂಳಿನ ಒಳಗೆ ನಗು. "ಸಿಕ್ತು ಮೇಷ್ಟ್ರೇ. ಇದೇ ಇದು." ಆಮೇಲೆ ಪೊಲೀಸಿನವರ ಕಡೆ ತಿರುಗಿ, "ಠಾಣೆಗೆ ಬರ್ತೀನಿ ಸಾರ್, ಖಂಡಿತ ಬರ್ತೀನಿ. ಮೊದಲು ಈ ಗಾಡಿ ಯಾರದ್ದು ಅಂತ ಹುಡುಕಿ ಕೊಡಿ. ಇದರ ಬ್ರೇಕ್ ಯಾವ ಗಳಿಗೆ ಕೈ ಕೊಡುತ್ತೋ ಗೊತ್ತಿಲ್ಲ. ಆ ಮನುಷ್ಯನಿಗೂ ಮನೇಲಿ ಹೆಂಡತಿ ಮಕ್ಕಳು ಇರ್ತಾರೆ."

ಪೊಲೀಸಿನವರ ಕೈ ಕತ್ತುಪಟ್ಟಿಯಿಂದ ಸಡಿಲಾಯಿತು. ಅವರು ಗಾಡಿಯನ್ನು ನೋಡಿದರು, ಕೊಂಬಣ್ಣನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಗ್ಗಿ ಮುಂದಿನ ಬ್ರೇಕಿನ ಹಿಡಿಕೆ ಒತ್ತಿದರು. ಅದು ಸದ್ದಿಲ್ಲದೆ ಒಳಗೆ ಹೋಯಿತು.

"ಇಬ್ಬರು ಹೆಣ್ಣುಮಕ್ಕಳು," ಎಂದರು. "ದಿನಾ ಇದರಲ್ಲೇ ಶಾಲೆಗೆ ಬಿಡ್ತೀನಿ."

ಕೊಂಬಣ್ಣ ಜೇಬಿನಿಂದ ತಮ್ಮ ನೋಟಿಸು ತೆಗೆದು ಕೊಟ್ಟರು. ಪೊಲೀಸಿನವರು ನಿಂತಲ್ಲೇ ಎರಡು ಸಲ ಓದಿದರು. ತಡೆದು ತಡೆದು ಹೇಳಿದರು, "ಹಾಗಾದ್ರೆ ಈಗ ನಾನು ಇದರ ಮೇಲೆ ಹೋಗೋ ಹಾಗಿಲ್ಲ."

"ಇಲ್ಲ ಸಾರ್. ಲಾರಿಗೆ ಫೋನ್ ಮಾಡ್ತೀನಿ, ಅರ್ಧ ಗಂಟೇಲಿ ಬರುತ್ತೆ."

"ಮತ್ತೆ ಠಾಣೆಗೆ ಹೇಗೆ ಹೋಗಲಿ? ನನಗೆ ಹನ್ನೊಂದಕ್ಕೆ ಹಾಜರಿ ಇದೆ."

"ನಡ್ಕೊಂಡು ಹೋಗೋಣ ಸಾರ್," ಎಂದರು ಕೊಂಬಣ್ಣ. "ಬೇಜಾರಾಗಲ್ಲ, ಜೊತೆಗೆ ನಾನಿದೀನಿ. ಹೇಗೂ ನನ್ನನ್ನ ಹಿಡಿದಿದೀರಲ್ಲ."